ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ವಧಾಸ್ಥಾನಗಳಿರುತ್ತವೆಂದು ಸ್ಮೃತಿಕಾರರು ಎಣಿಸಿದ್ದಾರೆ. ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ ಮತ್ತು ನೀರಿನ ಕೊಡ ಎಂಬಿವೇ ಆ ಐದು. ಇವಕ್ಕೆ ಪಂಚಸೂನೆಗಳೆಂದು ಹೆಸರು. ಸೂನೆಯೆಂದರೆ ಕಟುಕನ ಕೊಲೆಮನೆ. ಬೆಳಗಿನ ಜಾವದಲ್ಲಿ ಹಾಡು ಹೇಳುತ್ತ ಜೋಳ ಬೀಸುವ ಗೃಹಿಣಿಗೂ ಕೊಲೆಮನೆಗೂ ಎಲ್ಲಿಯ ಸಂಬಂಧವೆಂದು ಮೊದಲು ಕೇಳಿದವರಿಗೆ ಆಶ್ಚರ್ಯವಾಗುವದು ಸಹಜವೇ. ಆದರೆ ಶಾಸ್ತ್ರದ ಅಭಿಪ್ರಾಯವು ಸ್ಪಷ್ಟವಾಗಿದೆ. ಕಟ್ಟಿಗೆಯೊಳಗಿನ ಹುಳು, ಕಾಳಿನೊಳಗಿನ ನುಸಿ, ಕಸಬರಿಗೆಗೆ ಸಿಕ್ಕ ಇರುವೆ, ಕೊಡದ ತಳದಡಿಯಲ್ಲಿ ಅರೆದುಹೋದ ಸೂಕ್ಷ್ಮ ಜಂತು, ಇವೆಲ್ಲ ದಿನಾಲು ಸಾಯುತ್ತವೆ. ಕೊಂದವರಿಗೆ ಕೊಲ್ಲುವ ಇಚ್ಛೆಯಿಲ್ಲ. ಕೊಂದೆನೆಂಬ ಅರಿವೂ ಇಲ್ಲ. ಆದರೂ ಪ್ರಾಣವು ಹೋದದ್ದು ನಿಜ.

ಇಂಥಲ್ಲಿ ಎರಡು ಸುಲಭದ ಮಾರ್ಗಗಳಿದ್ದವು. ತಿಳಿಯದೆ ಆದದ್ದಕ್ಕೆ ದೋಷವಿಲ್ಲವೆಂದು ಹೇಳಿ ಸುಮ್ಮನಾಗುವದು ಒಂದು. ಒಲೆಯನ್ನೇ ಹೊತ್ತಿಸಬಾರದೆಂದು ವಿಧಿಸುವದು ಇನ್ನೊಂದು. ಸ್ಮೃತಿಕಾರರು ಇವೆರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದರು. ಒಲೆಯಿಲ್ಲದೆ ಸಂಸಾರವಿಲ್ಲ, ಅತಿಥಿಗೆ ಅನ್ನವಿಲ್ಲ. ಆದುದರಿಂದ ಒಲೆಯು ಉರಿಯಲಿ. ಆದರೆ ಅದರಿಂದ ಮನೆಯ ಮೇಲೆ ಒಂದು ಋಣವು ದಿನಾಲು ಏರುತ್ತಿದೆಯೆಂಬದನ್ನು ಗೃಹಸ್ಥನು ಒಪ್ಪಿಕೊಳ್ಳಲಿ. ಒಪ್ಪಿಕೊಂಡು ಪಂಚಮಹಾಯಜ್ಞಗಳ ಮೂಲಕ ಅದನ್ನು ದಿನಾಲು ತೀರಿಸಲಿ. ಪಾಪದ ಅಂಜಿಕೆಗಿಂತ ಸಾಲದ ಲೆಕ್ಕವೇ ಈ ವಿಧಿಯ ಜೀವಾಳವೆಂದು ಹೇಳಬಹುದು.

ಈ ಹಳೆಯ ವಿಚಾರವನ್ನು ಇಂದು ಎತ್ತಿಕೊಳ್ಳುವದಕ್ಕೆ ಕಾರಣವಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಆ ಐದು ಸೂನೆಗಳು ಬಹಳಷ್ಟು ರೂಪಾಂತರ ಹೊಂದಿವೆ. ಬೀಸುವ ಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿಯೂ ಒರಳಿನ ಕೆಲಸವನ್ನು ಮಿಕ್ಸರೂ ವಹಿಸಿಕೊಂಡಿವೆ. ಕಟ್ಟಿಗೆಯ ಒಲೆಯ ಸ್ಥಳದಲ್ಲಿ ಸಿಲಿಂಡರಿನ ಒಲೆ ಬಂದಿದೆ. ಇವುಗಳ ನಡುವೆ ಅಡಿಗೆಮನೆಯ ಮೂಲೆಯಲ್ಲಿ ಸ್ಮೃತಿಕಾರರು ಕಾಣದಿದ್ದ ಒಂದು ವಸ್ತುವು ನಿಂತಿದೆ. ಅದು ಫ್ರಿಜ್ಜು. ಅನುಕೂಲವುಳ್ಳವರ ಮನೆಗಳಲ್ಲಿ ಅದರ ಸಹೋದರನಾದ ಏಸಿಯು ಗೋಡೆಯನ್ನೇರಿದೆ. ಬೇಸಿಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮುಟ್ಟುವ ಈ ಸೀಮೆಯಲ್ಲಿ ಇದನ್ನು ಬರಿಯ ವಿಲಾಸವೆಂದು ಜರಿಯುವದು ಸಲ್ಲದು. ಕೂಸಿನ ಹಾಲು ಕೆಡದೆ ಉಳಿಯುವದೂ, ಸಕ್ಕರೆ ಕಾಯಿಲೆಯವರ ಇನ್ಸುಲಿನ್ನು ಗುಣಗೆಡದಿರುವದೂ, ಆಸ್ಪತ್ರೆಯ ಲಸಿಕೆಯು ಹಳ್ಳಿಯವರೆಗೆ ಸುರಕ್ಷಿತವಾಗಿ ತಲಪುವದೂ ಶೈತ್ಯದ ಉಪಕಾರದಿಂದಲೇ.

ಈ ಪೆಟ್ಟಿಗೆಯ ಕೊಳವೆಗಳಲ್ಲಿ ಒಂದು ಅನಿಲವು ಸುತ್ತುತ್ತಿರುತ್ತದೆ. ಅದು ಒಂದು ಕಡೆಯಲ್ಲಿ ದ್ರವರೂಪದಿಂದ ಆವಿಯಾಗುವಾಗ ಒಳಗಿನ ಕಾವನ್ನು ಹೀರಿಕೊಂಡು, ಇನ್ನೊಂದು ಕಡೆಯಲ್ಲಿ ಒತ್ತಡಕ್ಕೆ ಸಿಕ್ಕಿ ಮತ್ತೆ ದ್ರವವಾಗುವಾಗ ಆ ಕಾವನ್ನು ಹೊರಗೆ ಬಿಡುತ್ತದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಅನಿಲವು ಸೋರಿ ಪೆಟ್ಟಿಗೆಯು ತಂಪನ್ನು ಹಿಡಿಯದಾಗುತ್ತದೆ. ಆಗ ರಿಪೇರಿಯವನು ಬಂದು ನೋಡಿ, “ಗ್ಯಾಸ್ ಹೋಗೇತ್ರಿ, ತುಂಬಿಸಬೇಕು” ಎನ್ನುತ್ತಾನೆ. ಎಷ್ಟು ರೂಪಾಯಿ ಆದೀತೆಂದು ಮನೆಯ ಯಜಮಾನರು ಕೇಳುತ್ತಾರೆ. ಹೋದ ಗ್ಯಾಸು ಎಲ್ಲಿಗೆ ಹೋಯಿತೆಂದು ಕೇಳುವ ರೂಢಿ ಮಾತ್ರ ಎಲ್ಲಿಯೂ ಇಲ್ಲ. ಯಾರೂ ಕೇಳದ ಈ ಪ್ರಶ್ನೆಯಲ್ಲಿ ಒಂದು ಧರ್ಮಪ್ರಶ್ನೆಯು ಅಡಗಿದೆ.

ಇದನ್ನು ವಿಚಾರಿಸುವ ಮೊದಲು ಭೂಮಿಯು ತನ್ನ ತಾಪವನ್ನು ಹೇಗೆ ಕಳೆದುಕೊಳ್ಳುತ್ತದೆಂಬದನ್ನು ತಿಳಿಯಬೇಕು. ಬಿಸಿಲಿನಿಂದ ಕಾದ ನೆಲವು ಆ ಕಾವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಿಂದ ಆಕಾಶಕ್ಕೆ ಹಿಂತಿರುಗಿಸುತ್ತದೆ. ಇವಕ್ಕೆ ಅವಗೆಂಪು ಕಿರಣಗಳೆನ್ನುತ್ತಾರೆ. ಮುಂಡರಗಿಯ ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ಕಾಯುವ ರೈತನು ಈ ಹೆಸರನ್ನು ಕೇಳಿರಲಾರನು. ಆದರೆ ಮುಗಿಲು ತಿಳಿಯಾದ ರಾತ್ರಿಯಲ್ಲಿ ಚಳಿ ಹೆಚ್ಚೆಂಬದನ್ನೂ ಮೋಡ ಕವಿದ ರಾತ್ರಿಯಲ್ಲಿ ಅಷ್ಟು ಚಳಿಯಾಗುವದಿಲ್ಲೆಂಬದನ್ನೂ ಅವನು ಚೆನ್ನಾಗಿ ಬಲ್ಲನು. ತಿಳಿಯಾದ ಮುಗಿಲಿನಲ್ಲಿ ನೆಲದ ಕಾವು ತಡೆಯಿಲ್ಲದೆ ಹೊರಟುಹೋಗುತ್ತದೆ. ಮೋಡವಿದ್ದಾಗ ಅದು ಹೊದಿಕೆಯಂತೆ ಕಾವನ್ನು ತಡೆಯುತ್ತದೆ. ಮೋಡದಂತೆ ಕಣ್ಣಿಗೆ ಕಾಣದೆ, ಸದಾ ಹಾಸಿಕೊಂಡಿರುವ ಹೊದಿಕೆಗಳು ವಾಯುಮಂಡಲದಲ್ಲಿ ಇನ್ನೂ ಇವೆ. ಅವುಗಳ ಪತ್ತೆ ಹಚ್ಚಿದ್ದು ಅಳತೆಯಿಂದಲೇ.

ಒಣಗಾಳಿಯ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಸಾರಜನಕ ಮತ್ತು ಆಮ್ಲಜನಕಗಳು. ಇವೆರಡೂ ಉಷ್ಣಕಿರಣಗಳನ್ನು ತಡೆಯುವದಿಲ್ಲ. ಅಮೇರಿಕೆಯ ಯೂನಿಸ್ ಫೂಟ್ ಎಂಬ ಮಹಿಳೆಯು ೧೮೫೬ರಲ್ಲಿ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆಯು ಹೆಚ್ಚು ಕಾಯುವದನ್ನು ಕಂಡಳು. ಭೂಮಿಯು ಹೊರಸೂಸುವಂಥ ಉಷ್ಣಕಿರಣವನ್ನೇ ಬೇರ್ಪಡಿಸಿ ಅಳೆದವನು ಜಾನ್ ಟಿಂಡಲ್. ಅವನು ೧೮೫೯ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಿತ್ತಾಳೆಯ ಉದ್ದನೆಯ ಕೊಳವೆಯೊಂದನ್ನು ಸಿದ್ಧಪಡಿಸಿ, ಅದರ ಎರಡೂ ತುದಿಗಳನ್ನು ಕಲ್ಲುಪ್ಪಿನ ಬಿಲ್ಲೆಗಳಿಂದ ಮುಚ್ಚಿದನು. ಗಾಜು ಉಷ್ಣಕಿರಣವನ್ನು ತಡೆಯುತ್ತದೆ, ಕಲ್ಲುಪ್ಪು ಒಳಬಿಡುತ್ತದೆ. ಒಂದು ಕಡೆಗೆ ಕಾವಿನ ಮೂಲ, ಇನ್ನೊಂದು ಕಡೆಗೆ ಕಾವಿನ ಅತ್ಯಲ್ಪ ಭೇದವನ್ನೂ ವಿದ್ಯುತ್ತಿನ ಸೂಜಿಗೆ ತಿಳಿಸುವ ಯಂತ್ರ. ಕೊಳವೆಯಲ್ಲಿ ಶುದ್ಧವಾದ ಒಣಗಾಳಿ ತುಂಬಿದಾಗ ಸೂಜಿಯು ಹೆಚ್ಚುಕಡಿಮೆ ಅಲುಗಲಿಲ್ಲ. ನೀರಿನ ಆವಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ತುಂಬಿದಾಗ ಅದು ಸರಿದು ನಿಂತಿತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವದು ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಇಲ್ಲಿ ಸೂಜಿಯ ಚಲನೆಯೇ ಲಿಂಗ. ಕಾಣದ ಕಿರಣವನ್ನು ಕಾಣದ ವಾಯುವು ಹೀರಿಕೊಂಡಿತೆಂಬದು ಅನುಮಿತಿ. ಸ್ವೀಡನ್ನಿನ ಅರೀನಿಯಸ್ಸನು ೧೮೯೬ರಲ್ಲಿ ಇಂಥ ಅಳತೆಗಳ ಆಧಾರದಿಂದಲೇ, ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಭೂಮಿಯ ತಾಪವು ಎಷ್ಟು ಏರೀತೆಂದು ಲೆಕ್ಕ ಹಾಕಿದನು.

ಇಂದಿನ ಪ್ರಯೋಗಶಾಲೆಗಳಲ್ಲಿ ಯಂತ್ರವು ಸೂಕ್ಷ್ಮವಾಗಿದೆ, ಕ್ರಮವು ಮಾತ್ರ ಟಿಂಡಲ್ಲನದೇ. ಪರೀಕ್ಷಿಸಬೇಕಾದ ಅನಿಲವನ್ನು ಒಂದು ಕೋಶದಲ್ಲಿ ತುಂಬಿ, ಅದರ ಮೂಲಕ ಅವಗೆಂಪು ಕಿರಣವನ್ನು ಹಾಯಿಸಿ, ಯಾವ ಅಲೆಯುದ್ದದಲ್ಲಿ ಎಷ್ಟು ಕಿರಣವು ನಡುವೆ ಕಾಣೆಯಾಯಿತೆಂಬದನ್ನು ಒಂದೊಂದಾಗಿ ಬರೆದುಕೊಳ್ಳುತ್ತಾರೆ. ಭೂಮಿಯು ಹೊರಸೂಸುವ ಕಿರಣಗಳ ಬಲವು ೧೦ ಮೈಕ್ರಾನ್ ಅಲೆಯುದ್ದದ ಸುಮಾರಿಗೆ ಹೆಚ್ಚಾಗಿರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೀರಿನ ಆವಿಯು ಈ ಕಿರಣಗಳ ಬಹು ಭಾಗವನ್ನು ತಡೆಯುತ್ತದೆ. ೧೫ ಮೈಕ್ರಾನಿನ ಸುತ್ತಲಿನದನ್ನು ಇಂಗಾಲದ ಡೈಆಕ್ಸೈಡು ತಡೆಯುತ್ತದೆ. ೮ರಿಂದ ೧೨ ಮೈಕ್ರಾನಿನ ನಡುವಿನ ಭಾಗವು ಬಹುಮಟ್ಟಿಗೆ ತೆರೆದಿರುತ್ತದೆ. ಭೂಮಿಯ ಕಾವು ಹೊರಹೋಗುವ ಗವಾಕ್ಷಿಯಿದು.

ಹಳೆಯ ಮಾಳಿಗೆಯ ಮನೆಗಳನ್ನು ಬಲ್ಲವರಿಗೆ ಇದನ್ನು ತಿಳಿಯುವದು ಕಷ್ಟವಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಚ್ಚಿದ ಕದ. ಒಲೆಯ ಹೊಗೆಯು ಹೋಗಬೇಕಾದದ್ದು ನೆತ್ತಿಯ ಮೇಲಿನ ಬೆಳಕಿಂಡಿಯಿಂದ. ಮುಚ್ಚಿದ ಕದಕ್ಕೆ ಇನ್ನೊಂದು ಕಂಬಳಿಯನ್ನು ತೂಗುಹಾಕಿದರೆ ಹೊಗೆಯಲ್ಲಿ ಹೇಳಿಕೊಳ್ಳುವಂಥ ಭೇದವಾಗಲಾರದು. ಬೆಳಕಿಂಡಿಯ ಮೇಲೆ ಗೇಣುದ್ದದ ಅರಿವೆಯನ್ನು ಹಾಸಿದರೂ ಮನೆಯೆಲ್ಲ ಹೊಗೆಯಾಗುತ್ತದೆ. ಫ್ರಿಜ್ಜಿಗಾಗಿ ಮನುಷ್ಯನು ನಿರ್ಮಿಸಿದ ಕ್ಲೋರೋಫ್ಲೋರೋಕಾರ್ಬನ್ ಎಂಬ ಅನಿಲಗಳು ಭೂಮಿಯ ಬೆಳಕಿಂಡಿಗೆ ಹಾಸಿದ ಅರಿವೆಗಳು. ಇಂಗಾಲವು ಫ್ಲೋರಿನ್ನಿನೊಡನೆಯೂ ಕ್ಲೋರಿನ್ನಿನೊಡನೆಯೂ ಕೂಡಿದ ಬಂಧಗಳು ಆ ತೆರೆದ ಗವಾಕ್ಷಿಯ ಅಲೆಗಳನ್ನೇ ಹೀರಿ ಕಂಪಿಸುತ್ತವೆ. ಆದುದರಿಂದ ಅತ್ಯಲ್ಪವಾದ ಅನಿಲವು ಅತಿ ದೊಡ್ಡ ತಡೆಯಾಗುತ್ತದೆ.

ಹೀರಿಕೆಯ ಅಳತೆಯೊಂದರಿಂದಲೇ ಲೆಕ್ಕವು ಮುಗಿಯುವದಿಲ್ಲ. ಅನಿಲವು ಎಷ್ಟು ಕಾಲ ವಾಯುಮಂಡಲದಲ್ಲಿ ಉಳಿಯುತ್ತದೆಂಬದನ್ನೂ ಕೂಡಿಸಬೇಕು. ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-೧೨ ಎಂಬ ಅನಿಲದ ಆಯುಸ್ಸು ಸುಮಾರು ೧೦೦ ವರ್ಷ. ನೂರು ವರ್ಷಗಳ ಅವಧಿಯನ್ನು ಹಿಡಿದು ತೂಗಿದರೆ, ಅದರ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಕಿಲೋಗ್ರಾಮಿಗಿಂತಲೂ ಹೆಚ್ಚಿನ ತಾಪವನ್ನು ತಡೆದಿಡುತ್ತದೆ. ಏಸಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-೨೨ಕ್ಕೆ ಈ ಗುಣಕವು ಸುಮಾರು ೧೮೦೦. ಆರ್-೧೨ರ ಸ್ಥಳದಲ್ಲಿ ಬಂದ ಆರ್-೧೩೪ಎಗೆ ಸುಮಾರು ೧೪೦೦. ವಿದ್ಯುತ್ ಉಪಕೇಂದ್ರಗಳ ಬ್ರೇಕರುಗಳಲ್ಲಿ ಕಿಡಿಯನ್ನು ಆರಿಸುವದಕ್ಕಾಗಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡಿಗೆ ೨೩ ಸಾವಿರದ ಸುಮಾರು. ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳು ಹೊಗೆಯಿಲ್ಲದೆ ವಿದ್ಯುತ್ತನ್ನು ಹುಟ್ಟಿಸುತ್ತವೆಂಬದು ಸಂತೋಷದ ಸಂಗತಿ. ಆದರೆ ವಿದ್ಯುತ್ತು ಮನೆಗೆ ಬರುವ ದಾರಿಯಲ್ಲಿ ಈ ಅನಿಲದ ಕಾವಲೂ ಇರಬಹುದೆಂಬದನ್ನು ಮರೆಯಬಾರದು. ಇದರ ಆಯುಸ್ಸನ್ನು ಸಾವಿರ ವರ್ಷಗಳ ಮಾನದಿಂದ ಎಣಿಸುತ್ತಾರೆ. ಅತ್ತಿಮಬ್ಬೆಯು ೧೦೦೭ರಲ್ಲಿ ಲಕ್ಕುಂಡಿಯ ಬಸದಿಯನ್ನು ಕಟ್ಟಿಸಿದ ಕಾಲಕ್ಕೆ ಯಾರಾದರೂ ಇದನ್ನು ಗಾಳಿಗೆ ಬಿಟ್ಟಿದ್ದರೆ, ಅದರ ಗಣನೀಯ ಪಾಲು ಬಸದಿಯ ಕಲ್ಲುಗಳಂತೆ ಇಂದಿಗೂ ಉಳಿದಿರುತ್ತಿತ್ತು.

ಈ ಅಂಕಿಗಳನ್ನು ಮನೆಯ ಮಟ್ಟಕ್ಕೆ ತಂದು ನೋಡಬಹುದು. ಒಂದು ಫ್ರಿಜ್ಜಿನಲ್ಲಿ ೧೦೦ ಗ್ರಾಂ ಆರ್-೧೩೪ಎ ಇದೆಯೆಂದಿಟ್ಟುಕೊಂಡರೆ, ಅದೆಲ್ಲ ಸೋರಿಹೋದಾಗ ೧೪೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಟ್ಟಂತಾಯಿತು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋಗ್ರಾಂ ಹುಟ್ಟುತ್ತದೆ. ಅಂದರೆ ಇದು ಸುಮಾರು ೬೦ ಲೀಟರಿಗೆ ಸಮ. ಮೋಟರ್ ಸೈಕಲ್ಲಿನ ಮೇಲೆ ಗದಗಿನಿಂದ ಕಾಶಿಗೆ ಹೋಗಿ, ಬಹುಪಾಲು ದಾರಿಯನ್ನು ಮರಳಿ ಬರುವಷ್ಟು ಪೆಟ್ರೋಲದು. ಮನೆಯ ಯಜಮಾನರಾದರೋ ಅಂಗಳವನ್ನೂ ದಾಟಿರುವದಿಲ್ಲ.

ಇನ್ನು ಈ ಅನಿಲಗಳನ್ನು ಲೋಕಕ್ಕೆ ತಂದವರ ಸಂಗತಿ. ೧೯೨೦ರ ದಶಕದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮೊದಲಾದ ವಿಷವಾಯುಗಳಿದ್ದವು. ಸೋರಿಕೆಯಿಂದ ಜನರು ಸತ್ತದ್ದೂ ಉಂಟು. ಈ ಭಯವನ್ನು ಕಳೆಯಬೇಕೆಂದು ಅಮೇರಿಕೆಯ ಥಾಮಸ್ ಮಿಜ್ಲಿ ಎಂಬವನೂ ಅವನ ಸಂಗಡಿಗರೂ ಆರ್-೧೨ ಅನ್ನು ಸಿದ್ಧಪಡಿಸಿದರು. ೧೯೩೦ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಮಿಜ್ಲಿಯು ಅದನ್ನು ತಾನೇ ಉಸಿರಿನಲ್ಲಿ ಎಳೆದುಕೊಂಡು, ಉರಿಯುವ ಮೇಣಬತ್ತಿಯ ಮೇಲೆ ಊದಿ ಅದನ್ನು ಆರಿಸಿ ತೋರಿಸಿದನು. ಎರಡು ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ ಉತ್ತರ ಸಿಕ್ಕಿತು: ಇದು ವಿಷವಲ್ಲ, ಇದು ಹೊತ್ತಿಕೊಳ್ಳುವದಿಲ್ಲ. ಎರಡೂ ಉತ್ತರಗಳು ಸತ್ಯವಾಗಿದ್ದವು. ಊದಿದ ಉಸಿರು ಸಭಾಗೃಹವನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆಂಬ ಮೂರನೆಯ ಪ್ರಶ್ನೆಯನ್ನು ಆ ದಿನ ಯಾರೂ ಕೇಳಲಿಲ್ಲ. ಮಿಜ್ಲಿಯು ೧೯೪೪ರಲ್ಲಿ ತೀರಿಕೊಂಡನು. ಉತ್ತರವು ದೊರೆಯುವದಕ್ಕೆ ಮತ್ತೆ ಮೂವತ್ತು ವರ್ಷಗಳು ಬೇಕಾದವು.

ಜೇಮ್ಸ್ ಲವ್‌ಲಾಕ್ ಎಂಬ ಆಂಗ್ಲ ವಿಜ್ಞಾನಿಯು ೧೯೭೧-೭೨ರಲ್ಲಿ ಹಡಗಿನಲ್ಲಿ ಪ್ರವಾಸ ಮಾಡುತ್ತ, ನಡುಗಡಲಿನ ಗಾಳಿಯಲ್ಲಿಯೂ ಇಂಥ ಅನಿಲವು ಇರುವದನ್ನು ತನ್ನ ಸೂಕ್ಷ್ಮಯಂತ್ರದಿಂದ ಅಳೆದನು. ಆದರೆ ಅದರಿಂದ ಅಪಾಯವೇನೂ ಇಲ್ಲವೆಂದೇ ಆಗ ತಿಳಿದನು. ೧೯೭೪ರಲ್ಲಿ ಮೊಲೀನಾ ಮತ್ತು ರೋಲಂಡರು, ಈ ಅನಿಲಗಳು ಮೇಲಕ್ಕೇರಿ ಒಡೆದು ಓಝೋನ್ ಪದರವನ್ನು ಕೆಡಿಸುವವೆಂದು ತೋರಿಸಿದರು. ಮರುವರ್ಷ, ೧೯೭೫ರಲ್ಲಿ, ಇವು ಭೂಮಿಯ ತಾಪವನ್ನೂ ಏರಿಸುವವೆಂದು ಪ್ರಬಂಧವನ್ನು ಪ್ರಕಟಿಸಿದವರು ವೀರಭದ್ರನ್ ರಾಮನಾಥನ್. ಆರ್-೧೧, ಆರ್-೧೨ಗಳ ಒಂದು ಅಣುವು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಷ್ಟು ತಾಪವನ್ನು ತಡೆಯಬಲ್ಲದೆಂಬ ಲೆಕ್ಕವು ಅಂದಿನಿಂದ ಪ್ರಸಿದ್ಧವಾಯಿತು.

ರಾಮನಾಥನ್ನರ ಜೀವನದಲ್ಲಿ ಈ ಲೇಖನಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ತಮಿಳುನಾಡಿನಲ್ಲಿ ೧೯೪೪ರಲ್ಲಿ ಹುಟ್ಟಿದ ಅವರು ಹನ್ನೊಂದರ ಪ್ರಾಯದಲ್ಲಿ ಬೆಂಗಳೂರಿಗೆ ಬಂದು ಅಲ್ಲಿ ಶಾಲೆ ಕಲಿತರು.ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ಜಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ, ಶೈತ್ಯದ ಅನಿಲವು ಏಕೆ ಸೋರುತ್ತದೆ, ಅದನ್ನು ಹೇಗೆ ತಡೆಯಬೇಕೆಂಬದನ್ನು ಹುಡುಕುವದೇ ಅವರ ಪಾಲಿಗೆ ಬಂದ ಕೆಲಸವಾಗಿತ್ತು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಯನ ಮಾಡಿ ಅಮೇರಿಕೆಗೆ ಹೋದರು. ಕಾರ್ಖಾನೆಯಲ್ಲಿ ಸೋರಿಕೆಯೆಂದರೆ ಯಂತ್ರದ ದೋಷ, ಮಾಲಿನ ನಷ್ಟ. ಅದೇ ಸೋರಿಕೆಯು ಭೂಮಿಯ ತಾಪದ ಲೆಕ್ಕವೆಂಬದನ್ನು ಕೆಲವು ವರ್ಷಗಳ ಮೇಲೆ ಅದೇ ಮನುಷ್ಯನು ಕಂಡುಕೊಂಡನು. ರಿಪೇರಿಯವನು ಹೇಳುವ ‘ಗ್ಯಾಸ್ ಹೋಗೇತ್ರಿ’ ಎಂಬ ಮಾತಿಗೆ ‘ಎಲ್ಲಿಗೆ’ ಎಂದು ಕೇಳಿ ಉತ್ತರ ಪಡೆದವರಲ್ಲಿ ಅವರು ಮೊದಲಿಗರು.

ಈಗ ಧರ್ಮಪ್ರಶ್ನೆಗೆ ಬರಬಹುದು. ೧೯೩೦ರಿಂದ ೧೯೭೫ರ ವರೆಗೆ ಫ್ರಿಜ್ಜಿನ ಸುಖವನ್ನು ಅನುಭವಿಸಿದವರು ದೋಷಿಗಳೇ? ಅನಂತರದವರು ದೋಷಿಗಳೇ? ಯಾಜ್ಞವಲ್ಕ್ಯ ಸ್ಮೃತಿಯ ಮೂರನೆಯ ಭಾಗವು ಪ್ರಾಯಶ್ಚಿತ್ತಾಧ್ಯಾಯ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಅದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ತಿಳಿಯದೆ ಮಾಡಿದ್ದು, ತಿಳಿದು ಮಾಡಿದ್ದು ಎಂಬ ಭೇದವು ಆ ಶಾಸ್ತ್ರಕ್ಕೆ ತಳಹದಿ. ಈ ಭೇದವನ್ನು ಹಿಡಿದು ಮೂರು ಮೆಟ್ಟಿಲುಗಳನ್ನು ಕಲ್ಪಿಸಬಹುದು. ತಿಳಿಯುವದಕ್ಕೆ ಸಾಧನವೇ ಇಲ್ಲದಿದ್ದರೆ ಅದು ಅಜ್ಞಾನ. ಸಾಧನವಿದ್ದೂ ಕೇಳದೆ ಬಿಟ್ಟರೆ ಅದು ಪ್ರಮಾದ. ಕೇಳಿ, ಉತ್ತರವನ್ನು ತಿಳಿದ ಮೇಲೂ ಲಕ್ಷ್ಯಗೊಡದಿದ್ದರೆ ಅದು ಉಪೇಕ್ಷೆ. ಅಜ್ಞಾನದಿಂದ ಋಣ ಮಾತ್ರ ಹುಟ್ಟುತ್ತದೆ. ಪ್ರಮಾದದಲ್ಲಿ ಅದಕ್ಕೆ ದೋಷದ ಅಂಶವು ಕೂಡುತ್ತದೆ. ಉಪೇಕ್ಷೆಯಲ್ಲಿ ದೋಷವು ಪೂರ್ಣವಾಗುತ್ತದೆ.

ಮಿಜ್ಲಿಯನ್ನು ಈ ಮೆಟ್ಟಿಲುಗಳಲ್ಲಿ ಎಲ್ಲಿ ನಿಲ್ಲಿಸಬೇಕೆಂಬದು ಕಠಿಣ. ಅವನು ಜೀವ ಉಳಿಸಬೇಕೆಂದೇ ಹೊರಟವನು. ಆದರೆ ಟಿಂಡಲ್ಲನ ಕೊಳವೆಯು ಅವನಿಗಿಂತ ಎಪ್ಪತ್ತು ವರ್ಷ ಮೊದಲೇ ಸಿದ್ಧವಾಗಿತ್ತು. ಹೊಸದಾಗಿ ಹುಟ್ಟಿಸಿದ ವಾಯುವು ಕಾವಿನ ಕಿರಣಗಳನ್ನು ಹೀರುತ್ತದೆಯೇ ಎಂದು ಅಳೆಯುವದು ಅಸಾಧ್ಯವಾಗಿರಲಿಲ್ಲ. ಅಳೆಯುವ ಕೌಶಲವು ಒಬ್ಬರಲ್ಲಿತ್ತು, ಅನಿಲವನ್ನು ಲೋಕಕ್ಕೆ ಬಿಡುವ ಅಧಿಕಾರವು ಇನ್ನೊಬ್ಬರಲ್ಲಿತ್ತು. ಇಬ್ಬರೂ ಒಂದೆಡೆಗೆ ಕೂಡಲಿಲ್ಲ. ಹಾಗೆ ನೋಡಿದರೆ ಈ ಪ್ರಮಾದವು ಒಬ್ಬ ಮನುಷ್ಯನದಲ್ಲ, ಒಂದು ಕಾಲದ್ದು. ಅಂದಿನವರನ್ನು ನಿಂದಿಸುವದಕ್ಕಿಂತ, ಹೊಸದೊಂದನ್ನು ಲೋಕಕ್ಕೆ ಬಿಡುವ ಮೊದಲು ಅಳೆಯಬೇಕೆಂಬ ಪಾಠವನ್ನು ಕಲಿಯುವದು ಲೇಸು.

ಆ ಪಾಠವನ್ನು ಲೋಕವು ಅರ್ಧ ಕಲಿಯಿತು. ಓಝೋನ್ ಪದರದ ರಕ್ಷಣೆಗಾಗಿ ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು ೧೯೯೨ರಲ್ಲಿ ಅದನ್ನು ಸೇರಿತು. ೨೦೦೦ರಲ್ಲಿ ಈ ಪದಾರ್ಥಗಳ ನಿಯಂತ್ರಣಕ್ಕೆ ನಿಯಮಗಳನ್ನು ಮಾಡಿತು. ೨೦೧೦ರ ಹೊತ್ತಿಗೆ ಆರ್-೧೨ರಂಥ ಅನಿಲಗಳ ತಯಾರಿಕೆಯು ನಿಂತಿತು. ಅದರ ಸ್ಥಳದಲ್ಲಿ ಬಂದ ಆರ್-೧೩೪ಎ ಓಝೋನಿಗೆ ಅಪಾಯಕಾರಿಯಲ್ಲ. ತಾಪದ ದೃಷ್ಟಿಯಿಂದ ಅದು ಹಳೆಯದರ ಏಳೆಂಟರಲ್ಲೊಂದು ಪಾಲು ಕೆಡುಕಿನದು, ಆದರೆ ಕೆಡುಕಿಲ್ಲದ್ದಲ್ಲ. ಈ ಸಲ ಅಳತೆಯ ಅಂಕಿಗಳು ಮೊದಲೇ ತಿಳಿದಿದ್ದವು. ಆದರೂ ಇಂಥ ಅನಿಲಗಳನ್ನು ಇಳಿಸಬೇಕೆಂಬ ಒಡಂಬಡಿಕೆಯು ಕಿಗಾಲಿಯಲ್ಲಿ ಆದದ್ದು ೨೦೧೬ರಲ್ಲಿ. ಭಾರತವು ಅದಕ್ಕೆ ಸಮ್ಮತಿಯಿತ್ತದ್ದು ೨೦೨೧ರಲ್ಲಿ. ಅದರಂತೆ ಭಾರತವು ೨೦೩೨ರಿಂದ ಬಳಕೆಯನ್ನು ಇಳಿಸುತ್ತ ಹೋಗಿ, ೨೦೪೭ಕ್ಕೆ ನೂರರಲ್ಲಿ ೮೫ ಪಾಲನ್ನು ಕಡಿಮೆ ಮಾಡತಕ್ಕದ್ದು.

ಇಲ್ಲಿ ಕೆಲವು ಆಕ್ಷೇಪಗಳು ಬರುವವು. ಅವು ಅಲಕ್ಷ್ಯ ಮಾಡತಕ್ಕವುಗಳಲ್ಲ. ಒಂದು ಮನೆಯ ನೂರು ಗ್ರಾಂ ಅನಿಲದಿಂದ ಲೋಕದ ತಾಪವು ಏರೀತೇ ಎಂಬದು ಮೊದಲನೆಯದು. ಏರಿದ್ದನ್ನು ಯಾವ ಸೂಜಿಯೂ ತೋರಿಸಲಾರದು, ನಿಜ. ಆದರೆ ಒಂದು ಇರುವೆಯ ಸಾವಿನಿಂದಲೂ ಇರುವೆಯ ಕುಲವು ಅಳಿಯಲಿಲ್ಲ. ಆದರೂ ಸ್ಮೃತಿಕಾರರು ಕಸಬರಿಗೆಯನ್ನು ಎಣಿಕೆಯಿಂದ ಬಿಡಲಿಲ್ಲ. ಋಣವು ಚಿಕ್ಕದೆಂಬ ಮಾತು ಋಣವೇ ಇಲ್ಲವೆಂಬ ಮಾತಲ್ಲ. ಸಿರಿವಂತ ದೇಶಗಳು ಹೆಚ್ಚು ಕೆಡಿಸಿದವು, ಬಡವರಿಗೇಕೆ ಈ ಉಪದೇಶವೆಂಬದು ಎರಡನೆಯದು. ಈ ಮಾತಿನಲ್ಲಿ ನ್ಯಾಯವಿದೆ. ಮಾಂಟ್ರಿಯಲ್ ಒಪ್ಪಂದವೇ ಹಿಂದುಳಿದ ದೇಶಗಳಿಗೆ ಹೆಚ್ಚಿನ ಅವಧಿಯನ್ನು ಕೊಟ್ಟಿತು. ೧೯೯೦ರಲ್ಲಿ ಅವುಗಳ ಸಹಾಯಕ್ಕೆ ನಿಧಿಯೊಂದನ್ನು ಏರ್ಪಡಿಸಲಾಯಿತು. ಸಾಲದ ಪ್ರಮಾಣದಂತೆ ಸಂದಾಯವೆಂಬ ನೀತಿಯನ್ನು ಲೋಕವು ಒಪ್ಪಿದೆ. ಆದರೆ ಅದೇ ನೀತಿಯು ಊರೊಳಗೂ ಸಲ್ಲಬೇಕು. ಏಸಿಯಿರುವ ಮನೆಯವರು ಫ್ರಿಜ್ಜೂ ಇಲ್ಲದ ಮನೆಯವರ ಹೆಸರಿನಲ್ಲಿ ಬಡತನದ ನೆಪವನ್ನು ಹೇಳಲಾಗದು.

ಈ ಕೊನೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಶಿರಹಟ್ಟಿ, ಮುಂಡರಗಿಗಳ ಕಡೆಯ ಅನೇಕ ರೈತರು ಮಳೆಯನ್ನೇ ನೆಚ್ಚಿದವರು. ೨೦೨೩ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದದ್ದು ಸರ್ವಶ್ರುತ. ಆ ಬರಕ್ಕೆ ಇಂಥ ಮನೆಯ ಇಂಥ ಅನಿಲವೇ ಕಾರಣವೆಂದು ಹೇಳುವದು ಅಸತ್ಯವಾದೀತು. ಬರಗಳು ಫ್ರಿಜ್ಜಿಗಿಂತ ಹಳೆಯವು. ಆದರೆ ಕಾವು ಏರಿದ ಭೂಮಿಯಲ್ಲಿ ಬರ ಬಂದಾಗ ಮಣ್ಣು ಬೇಗ ಒಣಗುತ್ತದೆ; ಆ ಪೆಟ್ಟು ಮೊದಲು ಬೀಳುವದು ತಂಪಿನ ಸುಖವನ್ನು ಎಂದೂ ಕಾಣದವನ ಮೇಲೆ. ಮಾಡುವವನೊಬ್ಬ, ಉಣ್ಣುವವನೊಬ್ಬ. ಪಂಚಸೂನೆಗಳಿಗಿಂತ ಈ ಹೊಸ ಸೂನೆಯು ಹೆಚ್ಚು ಕಠಿಣವಾದದ್ದು ಈ ಕಾರಣದಿಂದಲೇ. ಇರುವೆಯು ಕಾಲ ಬಳಿಯಲ್ಲಿ ಸಾಯುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ಇಲ್ಲಿ ನೊಂದವನೂ ನೋಯಿಸಿದವನೂ ಪರಸ್ಪರರನ್ನು ಎಂದೂ ಕಾಣುವದಿಲ್ಲ.

ಮೀಮಾಂಸಕರಿಗೆ ಇಂಥ ತೊಡಕೊಂದು ಎದುರಾಗಿತ್ತು. ಯಜ್ಞವು ಇಂದು ಮುಗಿಯುತ್ತದೆ; ಫಲವು ಎಷ್ಟೋ ಕಾಲದ ಮೇಲೆ ಬರುತ್ತದೆ. ನಡುವೆ ಎರಡನ್ನೂ ಜೋಡಿಸಿ ಹಿಡಿಯುವದೊಂದು ಇರಲೇಬೇಕೆಂದು ಅವರು ‘ಅಪೂರ್ವ’ವೆಂಬದನ್ನು ಒಪ್ಪಿದರು. ಅದನ್ನು ಯಾರೂ ಕಾಣಲಾರರು, ಅಳೆಯಲಾರರು. ವೇದವಾಕ್ಯವು ಸುಳ್ಳಾಗಬಾರದೆಂಬದೇ ಅದಕ್ಕೆ ಪ್ರಮಾಣ. ಸೋರಿದ ಅನಿಲಕ್ಕೂ ಮೊಮ್ಮಕ್ಕಳ ಕಾಲದ ಕಾವಿಗೂ ನಡುವಿನ ಕೊಂಡಿಯಾದರೋ ಅಳತೆಗೆ ಸಿಕ್ಕಿದೆ. ಹೀರಿಕೆಯನ್ನು ಕೊಳವೆಯಲ್ಲಿ ಕಂಡದ್ದಾಗಿದೆ, ಆಯುಸ್ಸನ್ನು ಎಣಿಸಿದ್ದಾಗಿದೆ, ಗುಣಕವನ್ನು ಪಟ್ಟಿಯಲ್ಲಿ ಬರೆದದ್ದಾಗಿದೆ. ಆದುದರಿಂದ ಕಾಣಲಿಲ್ಲವೆಂಬ ಸಮಾಧಾನಕ್ಕೆ ಇನ್ನು ಆಸರೆಯಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಫ್ರಿಜ್ಜನ್ನು ಬೀದಿಗೆ ಎಸೆಯುವದು ಒಲೆಯನ್ನು ಆರಿಸಿದಂತೆಯೇ ಅವಿವೇಕ. ಎಸೆದರೆ ಉಳಿದ ಅನಿಲವೂ ಗಾಳಿಗೆ ಹೋದೀತು. ಪ್ರಾಚೀನ ಪುಲಿಗೆರೆಯಾದ ಲಕ್ಷ್ಮೇಶ್ವರದಲ್ಲಿ ಶಂಖ ಬಸದಿಯು ಇಂದಿಗೂ ನಿಂತಿದೆ. ಜೈನ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಬೇಡಾದದ್ದನ್ನು ಹೊರಗೆ ಹಾಕುವಾಗಲೂ ಯಾವ ಜೀವಿಗೂ ನೋವಾಗದಂತೆ ನೋಡಿ ಹಾಕಬೇಕೆಂಬದು ಅದರ ತಾತ್ಪರ್ಯ. ಪಡೆಯುವಾಗಿನ ಎಚ್ಚರವು ಬಿಡುವಾಗಲೂ ಇರಬೇಕೆಂಬ ಈ ವಿಧಿಯು ಇಂದಿನ ಗೃಹಸ್ಥನಿಗೆ ಬಹಳ ಉಪಯುಕ್ತವಾದದ್ದು. ಕೊಳವೆಯ ಬಿರುಕನ್ನು ಹುಡುಕಿ ಮುಚ್ಚದೆ ಮತ್ತೆ ಮತ್ತೆ ಗ್ಯಾಸ್ ತುಂಬಿಸುವದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಉಳಿದ ಅನಿಲವನ್ನು ಓಣಿಯ ಗಾಳಿಗೆ ಬಿಡದೆ ಸಿಲಿಂಡರಿನಲ್ಲಿ ಹಿಡಿದಿಡುವ ಯಂತ್ರಗಳಿವೆ. ಹಳೆಯ ಪೆಟ್ಟಿಗೆಯನ್ನು ಮೋಡಕಾ ಅಂಗಡಿಗೆ ಕೊಡುವ ಮೊದಲು ಹೀಗೆ ಮಾಡಿಸದಿದ್ದರೆ, ತಾಮ್ರದ ಆಸೆಗೆ ಕೊಳವೆಯನ್ನು ಕತ್ತರಿಸಿದ ಕ್ಷಣದಲ್ಲಿ ಎಲ್ಲವೂ ಹಾರಿಹೋಗುತ್ತದೆ. ಹೊಸದನ್ನು ಕೊಳ್ಳುವವರು ಆರ್-೬೦೦ಎ ಎಂದು ಬರೆದ ಪೆಟ್ಟಿಗೆಯನ್ನು ಆರಿಸಿಕೊಳ್ಳಬಹುದು. ಅದರ ತಾಪದ ಗುಣಕವು ಬೆರಳೆಣಿಕೆಯಷ್ಟೇ. ಆದರೆ ಅದು ಹೊತ್ತಿಕೊಳ್ಳುವ ಅನಿಲವಾದುದರಿಂದ ರಿಪೇರಿಗೆ ಪಳಗಿದ ಕೈಯೇ ಬೇಕು.

ಇದಕ್ಕೆಲ್ಲ ಹೊತ್ತು ಹೆಚ್ಚು ಹಿಡಿಯುತ್ತದೆ, ಹಣವೂ ಹೆಚ್ಚು ಬೇಕು. ಅದನ್ನು ಯಾರು ಕೊಡಬೇಕೆಂಬಲ್ಲಿ ಧರ್ಮದ ನಿಜವಾದ ಪರೀಕ್ಷೆಯಿದೆ. ಓಣಿಯಲ್ಲಿ ಗ್ಯಾಸ್ ಬಿಟ್ಟ ರಿಪೇರಿಯ ಹುಡುಗನನ್ನು ಬೈಯುವದು ಸುಲಭ. ಅವನಿಗೆ ಸಿಕ್ಕುವದು ಒಂದು ಮನೆಯ ಕೆಲಸಕ್ಕೆ ಇಷ್ಟು ರೂಪಾಯಿಯೆಂಬ ಕೂಲಿ. ಅನಿಲವನ್ನು ಹಿಡಿದಿಡುವ ಒಂದು ತಾಸಿಗೆ ಯಾರೂ ಕೂಲಿ ಕೊಡುವದಿಲ್ಲ. ಕೊಡುವ ಸಾಮರ್ಥ್ಯವುಳ್ಳ ಯಜಮಾನರೇ ನೂರು ರೂಪಾಯಿಗಾಗಿ ಚೌಕಾಸಿ ಮಾಡಿದರೆ ಆ ಹುಡುಗನು ಬೇರೇನು ಮಾಡಿಯಾನು? ಇಲ್ಲಿಯೂ ಸ್ಮೃತಿಯು ದಾರಿಯನ್ನು ತೋರುತ್ತದೆ. ಜೋಳವನ್ನು ಬೀಸಿದವಳು ಆಳಾಗಿರಬಹುದು, ನೀರನ್ನು ಹೊತ್ತವನು ಕೂಲಿಯವನಾಗಿರಬಹುದು. ಆದರೂ ಸೂನೆಯ ಋಣವನ್ನು ಶಾಸ್ತ್ರವು ಗೃಹಸ್ಥನ ತಲೆಗೇ ಕಟ್ಟಿತು. ಯಾರ ಮನೆಯು ತಂಪಾಯಿತೋ ಅವರದೇ ಲೆಕ್ಕ.

ಪಂಚಮಹಾಯಜ್ಞಗಳಲ್ಲಿ ಮೊದಲು ಹೇಳಿದ್ದು ಬ್ರಹ್ಮಯಜ್ಞವನ್ನು, ಅಂದರೆ ಅಧ್ಯಯನವನ್ನು. ಕಾಣದ ಹಿಂಸೆಗೆ ಪರಿಹಾರ ಹೇಳಹೊರಟವರು ಓದನ್ನೂ ಅದರಲ್ಲಿ ಸೇರಿಸಿದ್ದು ಏಕೆಂದು ವಿಚಾರಿಸಿದರೆ, ಏನಾಗುತ್ತಿದೆಯೆಂದು ತಿಳಿಯದವನು ಋಣವನ್ನು ತೀರಿಸಲಾರನೆಂಬದು ಹೊಳೆಯುತ್ತದೆ. ಟಿಂಡಲ್ಲನಿಂದ ರಾಮನಾಥನ್ನರ ವರೆಗೆ ನಡೆದ ಅಳತೆಯ ಕೆಲಸವು ಈ ಅರ್ಥದಲ್ಲಿ ಒಂದು ಬ್ರಹ್ಮಯಜ್ಞವೇ. ಅದರ ಫಲವನ್ನು ಮನೆಮನೆಗೆ ತಿಳಿಸುವದು ಓದುಬಲ್ಲವರ ಪಾಲಿಗೆ ಬಂದದ್ದು. ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ಪಟ್ಟೆತಲೆಯ ಬಾತುಗಳು ಬಂದಿಳಿಯುತ್ತವೆ. ೨೦೨೪ರಲ್ಲಿ ಆ ಕೆರೆಯು ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಅವು ದಾಟಿ ಬರುವ ಗಾಳಿಗೂ ಬೆಟಗೇರಿಯ ಓಣಿಯ ಗಾಳಿಗೂ ನಡುವೆ ಗಡಿಯಿಲ್ಲ. ಭೂತಯಜ್ಞವೆಂದು ಕಾಗೆ-ಇರುವೆಗಳಿಗೆ ದಿನಾಲು ಒಂದು ಹಿಡಿ ಅನ್ನವನ್ನು ಹೊರಗಿಡುತ್ತಿದ್ದ ಹಿರಿಯರು, ಅಷ್ಟರಿಂದ ಲೋಕದ ಕಾಗೆಗಳ ಹೊಟ್ಟೆಯೆಲ್ಲ ತುಂಬೀತೇ ಎಂದು ಕೇಳುತ್ತಿರಲಿಲ್ಲ. ತಮ್ಮ ಮನೆಯ ಪಾಲನ್ನು ಇಟ್ಟು ಒಳಗೆ ಬರುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಯಾವದೋ ಮನೆಯ ಫ್ರಿಜ್ಜು ತಂಪನ್ನು ಹಿಡಿಯದಾದೀತು. ರಿಪೇರಿಯವನು ಬಂದು ಗ್ಯಾಸು ಹೋಗಿದೆಯೆಂದು ಹೇಳಿಯಾನು. ಆಗ ಮನೆಯವರು, ಅದು ಎಲ್ಲಿಂದ ಸೋರಿತು, ಮೊದಲು ಅದನ್ನು ಮುಚ್ಚು, ಉಳಿದದ್ದನ್ನು ಹಿಡಿದಿಡು, ಅದಕ್ಕಾಗುವ ಕೂಲಿಯನ್ನು ಬೇರೆ ತೆಗೆದುಕೋ ಎಂದು ಹೇಳಿದರೆ, ಆರನೆಯ ಸೂನೆಯ ಅಂದಿನ ಋಣವು ತೀರಿತೆಂದು ತಿಳಿಯಬಹುದು.